ಫೋನಿಗೆ ಕೋಟು ತೊಡುವ ಭಾವ

ಏಜೆನ್ಸಿಗೆ ಫೋನ್ ಮಾಡುವ ದಿನ ನಮ್ಮ ಭಾವ ಕೋಟು ತೊಡುತ್ತಿದ್ದರು. ಮನೆಯ ಕಿಟಕಿಯ ಬಳಿ ಬರಿಗಾಲಲ್ಲಿ ನಿಂತು, ಆ ಹಳೆಯ ಬೂದುಬಣ್ಣದ ಕೋಟಿನ ಮೂರೂ ಗುಂಡಿ ಹಾಕಿಕೊಂಡು, ಗಂಟಲು ಸರಿಪಡಿಸಿಕೊಂಡ ಮೇಲೆಯೇ ಅವರ ಬೆರಳು ಅಂಕಿ ಒತ್ತುತ್ತಿದ್ದುದು. "ಫೋನಲ್ಲಿ ಕೋಟು ಯಾರಿಗೆ ಕಾಣುತ್ತೆ ಭಾವ?" ಎಂದು ಛೇಡಿಸಿದರೆ, "ನನಗೆ ಕಾಣುತ್ತಲ್ಲಪ್ಪ" ಎನ್ನುತ್ತಿದ್ದರು.

ಭಾವ ಕಟ್ಟಡಗಳ ನಕ್ಷೆ ಬರೆಯುವವರು. ದೊಡ್ಡ ಕಂಪನಿಯೊಂದಕ್ಕೆ ಏಜೆನ್ಸಿಯ ಮೂಲಕ ಗುತ್ತಿಗೆಯ ಮೇಲೆ ದುಡಿಯುತ್ತಿದ್ದರು. ಆರು ತಿಂಗಳಿಗೊಮ್ಮೆ ಕರಾರು ಹೊಸದಾಗುವಾಗ ದಿನಕ್ಕಿಷ್ಟು ಎಂಬ ದರದ ಮಾತುಕತೆ. ಮೆಟ್ಟಿಲಿನ ಅಗಲದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಯಾವ ಎಂಜಿನಿಯರನ ಮುಂದೆಯೂ ಜಗ್ಗದ ಈ ಮನುಷ್ಯ, ತನ್ನ ಬೆಲೆಯ ಮಾತು ಬಂತೆಂದರೆ ಬೆಣ್ಣೆಯಂತೆ ಕರಗಿಹೋಗುತ್ತಿದ್ದರು. ದರ ಹೇಳುವರು, ಆ ಕಡೆಯ ಹೆಣ್ಣುಮಗಳು ತುಸು ಸುಮ್ಮನಾಗುವಳು, ಆ ಮೌನವನ್ನು ತಾಳಲಾರದೆ ಇವರೇ "ಸ್ವಲ್ಪ ಕಮ್ಮಿ ಆದ್ರೂ ಪರವಾಗಿಲ್ಲಮ್ಮ" ಎಂದುಬಿಡುವರು. ಚೌಕಾಸಿಗೆ ಎದುರಾಳಿಯೇ ಬೇಕಿರಲಿಲ್ಲ. "ಪಾಪ, ಅವಳಿಗೂ ಮೇಲಿನವರು ಇರ್ತಾರೆ" ಎಂದು ಸಮಜಾಯಿಷಿ ಬೇರೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ಅಕ್ಕನ ದೃಷ್ಟಿ ಮಂಜಾಗತೊಡಗಿತು. ಅವಳ ಕಣ್ಣಲ್ಲಿ ಬೆಳಕು ಉಳಿದಿರುವಾಗಲೇ, ವಾರದಲ್ಲೊಂದು ಹಗಲಾದರೂ ಜೊತೆಗಿದ್ದು, ಹೊಳೆಯನ್ನೂ ಮರಗಳನ್ನೂ ಸಂಜೆಯ ಬೀದಿಗಳನ್ನೂ ತೋರಿಸಬೇಕೆಂಬುದು ಭಾವನ ಆಸೆ. ದರ ಏರಿದರೆ ಮಾತ್ರ ನಾಲ್ಕು ದಿನದ ದುಡಿಮೆಯಲ್ಲಿ ಮನೆ ನಡೆಯುವಂತಿತ್ತು.

ಕರಾರು ಮತ್ತೆ ಹೊಸದಾಗಬೇಕಿದ್ದ ದಿನ ಬೆಳಿಗ್ಗೆ ಫೋನಿನ ಸ್ಪೀಕರ್ ಹಾಕಿಸಿದ ಅಕ್ಕ, ಪಕ್ಕದಲ್ಲೇ ಕುಳಿತು ಕೋಟಿನ ತೋಳು ಹಿಡಿದುಕೊಂಡಳು. "ರೀ, ದರ ಹೇಳಿದ್ಮೇಲೆ ತುಟಿ ಪಿಟಕ್ ಅನ್ನಬೇಡಿ."

ಭಾವ ದರ ಹೇಳಿದರು. ಆ ಹಳೆಯ ಮೌನ ಮತ್ತೆ ಬಂತು. ಕಿಟಕಿಯ ಪರದೆ ಉಸಿರೆಳೆದುಕೊಂಡಂತೆ ಉಬ್ಬಿ ಇಳಿಯಿತು, ಎಳೆಬಿಸಿಲು ನೆಲದ ಮೇಲೆ ಮೆಲ್ಲಗೆ ತೇಲಿತು, ಭಾವನ ಬೆರಳುಗಳು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಸವರಿದವು. ಅವರು ಬಾಯಿ ತೆರೆದಾಗ ಅಕ್ಕ ತೋಳು ಜಗ್ಗಿದಳು.

"ಸಾರಿ ಸರ್, ಬರೆದುಕೊಳ್ತಿದ್ದೆ. ಆಯ್ತು, ಅಷ್ಟೇ ಹಾಕಿದೀನಿ," ಎಂದಿತು ದನಿ.

ಭಾವ ಕೋಟಿನಲ್ಲೇ ಕುಸಿದು ಕುಳಿತರು. "ಇಷ್ಟು ವರ್ಷವೂ ಬರೆದುಕೊಳ್ತಾನೇ ಇದ್ಲೇನೋ" ಎಂದರು. ಅಕ್ಕ ನಕ್ಕಳು. "ಕೋಟು ಬಿಚ್ಚಬೇಡಿ, ಹೊಳೆ ಕಡೆ ಹೋಗೋಣ." ನನಗೆ ಮಾತ್ರ ಅಳು ಬಂತು.

ಲೋಕದಲ್ಲಿ ಇಂಥವರು ಬಹಳ ಮಂದಿ: ಎದುರಿನವರ ಮೌನದಲ್ಲಿ ನಿರಾಕರಣೆಯನ್ನೇ ಕೇಳಿಸಿಕೊಂಡು, ಯಾರೂ ಬೇಡದ ತ್ಯಾಗವನ್ನು ತಾವಾಗಿಯೇ ಮಾಡಿ ಹಗುರಾಗುವವರು. ಅವರ ಸೌಜನ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಅದರ ಬೆಲೆ ತೆರುವವರು ಪಕ್ಕದಲ್ಲೇ ತೋಳು ಹಿಡಿದು ಕುಳಿತಿರುತ್ತಾರೆ.