ದೇವಕಿಯಕ್ಕನ ಕೈತುತ್ತು

ಪುತ್ತೂರಿನ ಹೊರವಲಯದ ಆ ಆಶ್ರಯಧಾಮದಲ್ಲಿ ಇಪ್ಪತ್ತಮೂರು ಹೆಂಗಸರಿದ್ದರು. ಅಷ್ಟೂ ಜನರಿಗೆ ಎರಡು ಹೊತ್ತು ಬೇಯಿಸಿ ಹಾಕುತ್ತಿದ್ದವಳು ಶೀಲಾವತಿ. ಹಾಗೆಂದು ಅವಳು ಸಂಬಳದ ಅಡುಗೆಯವಳೇನೂ ಅಲ್ಲ, ಆ ಇಪ್ಪತ್ತಮೂರರಲ್ಲಿ ಅವಳೂ ಒಬ್ಬಳು. ಏಳು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಬುದ್ಧಿ ಕದಡಿತ್ತು. ನಾಲ್ಕು ವರ್ಷದ ಮಗಳನ್ನು ಅಂಗಳದಲ್ಲಿ ಬಿಟ್ಟು ಆಲೆಟ್ಟಿಯಿಂದ ಸುಳ್ಯ ಪೇಟೆಯವರೆಗೆ ಬರಿಗಾಲಲ್ಲಿ ನಡೆದು ಬಂದವಳನ್ನು ಅಣ್ಣ ಮೇದಪ್ಪ ಇಲ್ಲಿಗೆ ತಂದು ಸೇರಿಸಿದ್ದ. ಈಗ ಅದೆಲ್ಲ ಹಳೆಯ ಮಾತು. ರಾತ್ರಿಗೊಂದು ಮಾತ್ರೆ ನುಂಗಿದರೆ ಮುಗಿಯಿತು.

ಮಗಳು ಯಶಸ್ವಿ ಸೋದರಮಾವನ ಮನೆಯಲ್ಲೇ ಬೆಳೆದು ಹನ್ನೊಂದಕ್ಕೆ ಬಿದ್ದಿದ್ದಳು. ಮೇದಪ್ಪನದು ಒಂದೇ ಮಾತು. ಒಂಟಿಯಾಗಿ ಬದುಕುವ ಶಕ್ತಿ ತಂಗಿಗೆ ಉಂಟು ಎಂದು, ದಿನವೂ ಅವಳನ್ನು ನೋಡುವ ಆಶ್ರಯಧಾಮದವರೇ ಬರೆದುಕೊಡಲಿ. ಮರುದಿನವೇ ಮಗಳನ್ನು ಕಳಿಸುತ್ತೇನೆ. ಅವನದೂ ತಪ್ಪಲ್ಲ, ಅಂಗಳದಲ್ಲಿ ಅಳುತ್ತಿದ್ದ ಆ ಮಗುವನ್ನು ಎತ್ತಿಕೊಂಡವನು ಅವನೇ. ಶೀಲಾವತಿ ನೆಟ್ಟಣದಲ್ಲಿ ರೈಲು ನಿಲ್ದಾಣದ ಹತ್ತಿರ ಒಂದು ಕೋಣೆ ನೋಡಿಟ್ಟಿದ್ದಳು. ಅಲ್ಲಿಯ ಶಾಲೆಯಲ್ಲಿ ಬಿಸಿಯೂಟಕ್ಕೆ ಜನ ಬೇಕಾಗಿತ್ತು. ಇಪ್ಪತ್ತಮೂರು ಜನರಿಗೆ ಬೇಯಿಸುವವಳಿಗೆ ಅರುವತ್ತು ಮಕ್ಕಳ ಅಡುಗೆ ಯಾವ ಮಹಾ ಕೆಲಸ?

ಬಾಕಿ ಇದ್ದದ್ದು ಆ ಒಂದು ಕಾಗದ. ಅದನ್ನು ಬರೆಯಬೇಕಾದವಳು ಧಾಮದ ಮೇಲ್ವಿಚಾರಕಿ ದೇವಕಿ.

"ಬರೆಯುವ ಮಾರಾಯ್ತಿ, ನಾನು ಎಂತ ಬೇಡ ಹೇಳಿದ್ದೇನಾ?" ಎನ್ನುತ್ತಿದ್ದಳು ದೇವಕಿಯಕ್ಕ. "ಈ ಸಲದ ಇನ್‌ಸ್ಪೆಕ್ಷನ್ ಒಂದು ಮುಗಿಯಲಿ."

ಹೀಗೆ ಮೂಗಿಗೆ ತುಪ್ಪ ಸವರುತ್ತಾ ನಾಲ್ಕು ಇನ್‌ಸ್ಪೆಕ್ಷನ್ ಕಳೆದಿತ್ತು. ಶೀಲಾವತಿಗೆ ಸಿಟ್ಟು ಬಂದಿರಲಿಲ್ಲ. ಬರುವುದಾದರೂ ಹೇಗೆ? ಬಂದ ಹೊಸತರಲ್ಲಿ ಹನ್ನೆರಡು ದಿನ ಹಲ್ಲು ಕಚ್ಚಿ ಕೂತವಳ ಬಾಯಿಗೆ ಗಂಜಿ ಇಳಿಸಿದ ಕೈ ಅದು. ಹೆತ್ತ ತಾಯಿಯೂ ಅಷ್ಟು ತಾಳುತ್ತಿರಲಿಲ್ಲ ಎಂದು ಶೀಲಾವತಿಯೇ ಎಲ್ಲರಲ್ಲಿ ಹೇಳುತ್ತಿದ್ದಳು.

ಇನ್‌ಸ್ಪೆಕ್ಷನ್ ದಿನಕ್ಕೆ ಅಲ್ಲೊಂದು ಕ್ರಮವಿತ್ತು. ವರ್ಷಕ್ಕೆರಡು ಸಲ ಅಧಿಕಾರಿಗಳು ಬರುತ್ತಿದ್ದರು. ಶೀಲಾವತಿ ಬೆಳಗ್ಗೆ ಐದಕ್ಕೆದ್ದು ಅಡುಗೆ ಮುಗಿಸಿ, ಮಿಂದು, ಒಗೆದ ನೈಟಿ ಹಾಕಿ ಪಂಕ್ತಿಯ ಕೊನೆಯಲ್ಲಿ ಕೂರಬೇಕು. ದೇವಕಿಯಕ್ಕ ಒಬ್ಬೊಬ್ಬರಿಗೂ ಕೈತುತ್ತು ಕೊಡುತ್ತಾ ಬಂದು ಕಡೆಗೆ ಇವಳ ಮುಂದೆ ಕೂತು, ಇವಳೇ ಮಾಡಿದ ಅನ್ನ ಸಾರನ್ನು ಕಲಸಿ ಇವಳ ಬಾಯಿಗಿಡುವಳು. ಯಾರೋ ಫೋಟೋ ತೆಗೆಯುವರು. ಆಮೇಲೆ ಕಾಗದಕ್ಕೆ ಹೆಬ್ಬೆಟ್ಟು. ಪಿಯುಸಿವರೆಗೆ ಓದಿದವಳು ಹೆಬ್ಬೆಟ್ಟು ಯಾಕೆ ಒತ್ತಬೇಕು ಎಂದು ಮೊದಲ ಸಲ ಕೇಳಿದ್ದಳು. "ಸೈನ್ ಹಾಕಿದರೆ ಅವರು ನೂರು ಪ್ರಶ್ನೆ ಕೇಳುದು, ನಿನಗೆ ಯಾಕೆ ಆ ರಗಳೆ?" ಎಂದಿದ್ದಳು ದೇವಕಿಯಕ್ಕ. ಶೀಲಾವತಿ ಒತ್ತಿದಳು. ಆ ಒಂದು ತುತ್ತಿಗಾಗಿ ಅವಳು ಆರು ತಿಂಗಳು ಕಾಯುತ್ತಿದ್ದಳೆಂದರೆ ನಗಬೇಡಿ. ಜಗತ್ತಿನಲ್ಲಿ ಅವಳಿಗೆ ಕೈಯಾರೆ ಉಣಿಸುವವರು ಬೇರೆ ಯಾರಿದ್ದರು?

ಈ ಸಲ ಇನ್‌ಸ್ಪೆಕ್ಷನ್‌ಗೆ ಎರಡು ದಿನವಿದೆ ಎನ್ನುವಾಗ ಧಾಮ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಕೃಷ್ಣಮೋಹನರು ಬಂದರು. ತಿಂಗಳಿಗೊಮ್ಮೆ ಕಾರಿನಲ್ಲಿ ಬಂದು, ಫೈಲುಗಳ ಮೇಲೆ ಸಹಿ ಮಾಡಿ, ಎಳನೀರು ಕುಡಿದು ಹೋಗುವ ಗಿರಾಕಿ. ದೇವಕಿಯಕ್ಕ ಒಳಗೆ ನೆಬೀಸಳನ್ನು ಮೀಯಿಸುತ್ತಿದ್ದಳು. ನೆಬೀಸ ಪಾಪ, ನಿಜಕ್ಕೂ ತನ್ನ ಮೈ ತಾನು ತೊಳೆಯಲಾರದವಳು. ಎಳನೀರು ತಂದ ಶೀಲಾವತಿಯ ಕೈಗೆ ಕಾರ್ಯದರ್ಶಿಗಳು ಒಂದು ಫೈಲು ಕೊಟ್ಟರು.

"ಇದನ್ನು ದೇವಕಿಗೆ ಕೊಡು. ಬೀಳಿಸಬೇಡ ಆಯ್ತಾ?" ಎಂದರು, ಕಿವುಡರ ಹತ್ತಿರ ಮಾತಾಡುವ ಹಾಗೆ ಗಟ್ಟಿಯಾಗಿ.

ಫೈಲಿನ ಮೇಲೆ ಅವಳದೇ ಹೆಸರಿತ್ತು. ಹಜಾರ ದಾಟುವಷ್ಟರಲ್ಲಿ ಅವಳು ಅದನ್ನು ಬಿಡಿಸಿದ್ದಳು.

'ಶೀಲಾವತಿ. ಸ್ವತಃ ಉಣ್ಣಲಾರಳು. ಸ್ವತಃ ಸ್ನಾನ ಮಾಡಲಾರಳು. ಬೆಂಕಿಯ ಬಳಿ ಬಿಡುವಂತಿಲ್ಲ. ಓದು ಬರಹ ಬಾರದು. ದಿನವಿಡೀ ಒಬ್ಬರ ಆರೈಕೆ ಅಗತ್ಯ.' ಅರ್ಧ ವರ್ಷಕ್ಕೊಂದರಂತೆ ಹದಿನಾಲ್ಕು ವರದಿಗಳು. ಎಲ್ಲದರಲ್ಲೂ ಅದೇ ವಾಕ್ಯಗಳು, ದೇವಕಿಯಕ್ಕನ ದುಂಡು ಅಕ್ಷರ. ಪ್ರತಿ ವರದಿಗೆ ಅಂಟಿಸಿದ ಒಂದು ಫೋಟೋ. ಹದಿನಾಲ್ಕು ಫೋಟೋಗಳಲ್ಲೂ ಶೀಲಾವತಿ ಬಾಯಿ ತೆರೆದು ತುತ್ತಿಗೆ ಕಾಯುತ್ತಿದ್ದಳು. ಮೊದಲನೆಯದನ್ನು ಬಿಟ್ಟರೆ ಉಳಿದ ಎಲ್ಲದರಲ್ಲಿ ಅವಳ ಕಣ್ಣು ನಗುತ್ತಿತ್ತು.

ಕೊನೆಯ ಹಾಳೆಯಲ್ಲಿ ಸರಕಾರದ ಲೆಕ್ಕ. ಬರೀ ಸೂರು ಬೇಕಾದವರ ತಲೆಗೆ ಇಷ್ಟು. ಆರೈಕೆಯೂ ಬೇಕಾದವರ ತಲೆಗೆ ಅದರ ಮೂರು ಪಟ್ಟು. ಯಾರಿಗೆ ಆರೈಕೆ ಬೇಕು, ಎಷ್ಟು ಬೇಕು ಎಂದು ಬರೆಯುವವರು ಆ ಹಣ ಪಡೆಯುವವರೇ. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಇದಕ್ಕಿಂತ ಚೆಂದದ ಏರ್ಪಾಡು ಬೇಕೇ? ಸುಳ್ಳು ಬರೆದವಳಿಗೆ ನಿಜ ಗೊತ್ತಿತ್ತು. ಸಹಿ ಹಾಕಿದವರು ಮಾತ್ರ ಆ ಸುಳ್ಳನ್ನೇ ನಂಬಿ, ಓದು ಬಾರದವಳೆಂದು ಫೈಲನ್ನು ಅವಳ ಕೈಗೇ ಕೊಟ್ಟಿದ್ದರು.

ಶೀಲಾವತಿ ಫೈಲನ್ನು ದೇವಕಿಯ ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದಳು. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಾಗಲಿಲ್ಲ. ಹಣ ತಿಂದದ್ದನ್ನು ಅವಳು ಕ್ಷಮಿಸಬಲ್ಲವಳಾಗಿದ್ದಳು. ತಿಂದದ್ದು ಅವಳ ಮಗಳ ವರ್ಷಗಳನ್ನು.

ಇನ್‌ಸ್ಪೆಕ್ಷನ್‌ಗೆ ಬಂದವಳು ಚೈತನ್ಯಾ ಎಂಬ ಹೊಸ ಅಧಿಕಾರಿ. ಪಂಕ್ತಿ ಕೂತಿತು. ದೇವಕಿಯಕ್ಕ ಎಲ್ಲರಿಗೂ ಉಣಿಸುತ್ತಾ ಕೊನೆಗೆ ಬಂದು ತುತ್ತೆತ್ತಿದಳು. ಕೃಷ್ಣಮೋಹನರು ಮೊಬೈಲ್ ಹಿಡಿದು ನಿಂತಿದ್ದರು. ಶೀಲಾವತಿ ಬಾಯಿ ತೆರೆಯಲಿಲ್ಲ. ದೇವಕಿಯ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ತುತ್ತನ್ನು ಬಟ್ಟಲಿಗೆ ಇಳಿಸಿದಳು.

"ನನಗೆ ಕೈ ಉಂಟು ಅಕ್ಕ," ಎಂದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿದಳು. "ಮೇಡಂ, ಇವತ್ತಿನ ಅಡುಗೆ ನಾನು ಮಾಡಿದ್ದು. ದಿನಾ ನಾನೇ ಮಾಡುದು. ನಿಮ್ಮ ಕೈಯಲ್ಲಿರುವ ನನ್ನ ಫೈಲ್ ಸ್ವಲ್ಪ ಕೊಡ್ತೀರಾ?"

"ಅವಳಿಗೆ ಆಗಾಗ ಹೀಗೆ ಆಗ್ತದೆ ಮೇಡಂ," ಎಂದರು ಕೃಷ್ಣಮೋಹನರು. ಚೈತನ್ಯಾ ಅವರತ್ತ ನೋಡದೆ ಫೈಲು ಕೊಟ್ಟಳು. ಶೀಲಾವತಿ ನಿಂತುಕೊಂಡೇ ಓದಿದಳು, ಶಾಲೆಯಲ್ಲಿ ಪಾಠ ಓದುವ ಹಾಗೆ. "ಓದು ಬರಹ ಬಾರದು" ಎಂಬುದನ್ನೂ ಬಿಡದೆ ಕೊನೆಯವರೆಗೆ ಓದಿದಳು.

ಚೈತನ್ಯಾ ಅಲ್ಲೇ ಕೂತು ಹೊಸ ವರದಿ ಬರೆದಳು. ಶೀಲಾವತಿ ಸಹಿ ಹಾಕಿದಳು. ಬಿಡುಗಡೆಯ ಪತ್ರ ಹದಿನೈದು ದಿನದೊಳಗೆ ಇಲಾಖೆಯಿಂದಲೇ ಬರುತ್ತದೆ, ಅಣ್ಣನಿಗೂ ಒಂದು ಪ್ರತಿ ಹೋಗುತ್ತದೆ ಎಂದಳು ಚೈತನ್ಯಾ.

ಎಲ್ಲರೂ ಹೋದ ಮೇಲೆ ದೇವಕಿ ಅಡುಗೆಮನೆಗೆ ಬಂದಳು. ಕಣ್ಣು ಕೆಂಪಾಗಿತ್ತು.

"ನೀನು ಹೋದರೆ ಇವರಿಗೆಲ್ಲ ಬೇಯಿಸಿ ಹಾಕುವವರು ಯಾರು ಹೇಳು. ಆ ಹಣದಲ್ಲೇ ಅಲ್ವಾ ನೆಬೀಸನ ಮದ್ದು, ನನ್ನ ಸಂಬಳ ಎಲ್ಲ. ನಿನಗೆ ನಾನು ಎಂತ ಕಮ್ಮಿ ಮಾಡಿದ್ದೇನೆ?"

"ಕಮ್ಮಿ ಮಾಡಲಿಲ್ಲ," ಎಂದಳು ಶೀಲಾವತಿ. "ಮೊದಲ ವರ್ಷ ನೀವು ಉಣಿಸಿದ್ದು ನನಗೆ ಅಂತ ಗೊತ್ತುಂಟು. ಆಮೇಲಿನದ್ದರಲ್ಲಿ, ಒಂದೇ ಒಂದು ತುತ್ತಾದರೂ ನನಗೆ ಅಂತ ಇತ್ತಾ ಅಕ್ಕ?"

ದೇವಕಿ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದಳು. ಅನ್ನದ ಅಗುಳೆಲ್ಲ ಹೋದ ಮೇಲೂ ತೊಳೆಯುತ್ತಲೇ ಇದ್ದಳು.