ನೀಲಿ ಮದ್ದಿನ ರುಚಿ

ಶರಬತ್ತು ಕಾರ್ಖಾನೆಯ ರುಚಿ ಕೋಣೆಯಲ್ಲಿ ಅವಳು ಎಲ್ಲರಿಗೂ ಅಕ್ಕ. ಹೊಸ ಶರಬತ್ತು ಯಾವುದೇ ಇರಲಿ, ಅಕ್ಕ ಬಾಯಲ್ಲಿಟ್ಟು ಹೂಂ ಅಂದಮೇಲೆಯೇ ಬಾಟಲಿಗೆ ಇಳಿಯಬೇಕು. ಆದರೆ ಈಚೆಗೆ ಜ್ವರ ಬಂದು ಹೋದಮೇಲೆ ಅಕ್ಕನ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ನಾಲಿಗೆಗೆ ಸಿಹಿ, ಹುಳಿ ಗೊತ್ತಾಗುತ್ತಿತ್ತು; ಕಿತ್ತಳೆಯೋ ನಿಂಬೆಯೋ ಗೊತ್ತಾಗುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಹೋದಂತೆಯೇ. ಹಳೆಯ ಶರಬತ್ತುಗಳನ್ನು ನೆನಪಿನ ಮೇಲೆ ನಿಭಾಯಿಸುತ್ತಿದ್ದಳು.

ಅಷ್ಟರಲ್ಲಿ ಕಂಪ್ಯೂಟರ್ ಆಟ ತಯಾರಿಸುವವರೊಬ್ಬರು ಬಂದರು. ಆಟದ ವೀರರು ಕುಡಿಯುವ ಮದ್ದುಗಳನ್ನು ನಿಜವಾದ ಶರಬತ್ತು ಮಾಡಿಕೊಡಬೇಕಂತೆ. ಕೆಂಪು ಮದ್ದು ಜೀವ ಉಳಿಸುವುದು, ನೀಲಿಯದು ಮಂತ್ರಶಕ್ತಿ ತುಂಬುವುದು. ಅಕ್ಕನಿಗೆ ಒಳಗೊಳಗೇ ನಿರಾಳವಾಯಿತು. ಯಾರೂ ಕುಡಿದೇ ಇಲ್ಲದ್ದು. ತಪ್ಪು ಹೇಳಿದೆ ಎಂದು ಯಾರು ತಾನೇ ಅಂದಾರು?

ಮನೆಯಲ್ಲಿ ಮಗಳು ಅದೇ ಆಟ ಆಡುತ್ತಿದ್ದಳು.

"ಆ ನೀಲಿದು ಹೇಗಿರತ್ತೇ?"

"ಅವರು ಗಟಗಟ ಅಂತ ಕುಡೀತಾರಮ್ಮ, ಅಷ್ಟೇ. ಮುಖ ಕೂಡ ಕಿವುಚಲ್ಲ."

"ನೀನು ಕುಡಿದ್ರೆ?"

ಮಗಳು ಆಟ ನಿಲ್ಲಿಸಿದಳು. "ಕೆಂಪಿದು ತುಟಿ ಕಚ್ಚಿಕೊಂಡಾಗ ಬರತ್ತಲ್ಲ, ಆ ಥರ ಉಪ್ಪುಪ್ಪು. ಸಾಯೋ ಹೊತ್ತಲ್ಲಿ ಸ್ಟ್ರಾಬೆರಿ ಕೊಟ್ರೆ ನಗು ಬರತ್ತೆ. ನೀಲಿದು... ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಇರತ್ತಲ್ಲ ಗಾಳಿ, ಅದು."

"ಗಾಳೀನ ಬಾಟಲಿಗೆ ತುಂಬು ಅಂತೀಯಾ?"

"ಕೇಳಿದ್ದು ಯಾರು? ನಿನಗೆ ಹೇಗನ್ಸತ್ತೆ, ಹೇಳು ನೋಡೋಣ."

ಅಕ್ಕನಿಗೆ ಕಂಡದ್ದು ತಾರಸಿ. ತಂತಿಯ ಮೇಲೆ ಹರವಿದ ಒದ್ದೆ ಹೊದಿಕೆಗಳು. ಎರಡು ಹೊದಿಕೆಗಳ ನಡುವೆ ನಿಂತರೆ ಮುಖಕ್ಕೆ ತಂಪು. ಕೆಳಗಿನಿಂದ ಯಾರೂ ಕೂಗದ ಒಂದಿಷ್ಟು ಹೊತ್ತು. ಮಂತ್ರಶಕ್ತಿ ಮರಳುವುದಾದರೆ ಅಲ್ಲಿಯೇ ಎಂದುಕೊಂಡಳು.

ರುಚಿ ನೋಡುವ ದಿನ ಅವಳ ಮುಂದೆ ಮೂರು ನೀಲಿ ಲೋಟಗಳಿದ್ದವು. ಅದರಲ್ಲೊಂದು ಕುರುಡು ಲೋಟ: ಬಣ್ಣ, ಸಕ್ಕರೆ, ಹುಳಿ ಮಾತ್ರ, ವಾಸನೆ ಕೊಡುವ ಎಸೆನ್ಸ್ ಇರುವುದಿಲ್ಲ. ಬಾಯಿಗೆ ಬಂದದ್ದು ಹೇಳುವವರನ್ನು ಹಿಡಿಯಲೆಂದು ಹಿಂದೆ ಅಕ್ಕನೇ ತಂದ ಪದ್ಧತಿ. ಮೂರನ್ನೂ ಕುಡಿದಳು. ಮೂರೂ ಒಂದೇ. ಮ್ಯಾನೇಜರ್ ಪೆನ್ನು ಹಿಡಿದು ಕಾಯುತ್ತಿದ್ದ. ನಡುವಿನ ಲೋಟ ಮುಟ್ಟಿ, "ಇದ್ರಲ್ಲಿ ಒದ್ದೆ ಬಟ್ಟೆಯ ತಂಪಿದೆ, ಬಿಸಿಲು ಆಮೇಲೆ ನಿಧಾನಕ್ಕೆ ಬರತ್ತೆ" ಅಂದಳು.

ಎಸೆನ್ಸ್ ಬೆರೆಸುವ ಹುಡುಗಿ ತಲೆ ತಗ್ಗಿಸಿದಳು. ಪಕ್ಕದ ಕುರ್ಚಿಯಲ್ಲಿ ರುಚಿ ನೋಡಲು ಕೂತಿದ್ದ, ಎಲ್ಲರೂ ದೊಡ್ಡಮ್ಮ ಎನ್ನುವ ಹೆಂಗಸು ಅದೇ ಲೋಟದಿಂದ ತಾನೂ ಒಂದು ಗುಟುಕು ಕುಡಿದಳು.

"ಏನ್ ತಾಯಿ, ಬರೀ ಸಕ್ಕರೆ ನೀರಲ್ಲಿ ಇಷ್ಟೆಲ್ಲ ಕಂಡ್ಯಾ?"

"ಅಕ್ಕ ನಮ್ಮನ್ನೇ ಪರೀಕ್ಷೆ ಮಾಡ್ತಿದ್ದಾರೆ ಬಿಡಿ" ಎಂದು ಮ್ಯಾನೇಜರ್ ನಕ್ಕ. "ಉಳಿದೆರಡರಲ್ಲಿ ಯಾವುದು, ಹೇಳಿಬಿಡಿ."

ಆ ನಗುವಿನಲ್ಲೇ ಪಾರಾಗಬಹುದಿತ್ತು. ಎಡಗಡೆಯದು ಎಂದರೆ ಮುಗಿಯಿತು, ಕೆಲಸವೂ ಉಳಿಯಿತು. ಆದರೆ ಆ ತಾರಸಿಯ ತಂಪು ಯಾವ ಲೋಟದಲ್ಲೂ ಇದ್ದಂತಿರಲಿಲ್ಲ. ಏನೋ ಒಂದಕ್ಕೆ ಅದರ ಹೆಸರು ಹಚ್ಚಿ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ.

"ನನಗೆ ಗೊತ್ತಾಗ್ತಿಲ್ಲ. ಜ್ವರ ಬಂದಮೇಲೆ ವಾಸನೆ ಹೋಗಿದೆ. ಆದ್ರೆ ಹೇಗಿರಬೇಕು ಅಂತ ಗೊತ್ತು."

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿದ. "ಇಷ್ಟು ದಿನ ಹೇಳದೇ ಇದ್ರಾ?"

"ಇಷ್ಟು ದಿನ."

"ಹಾಗಾದ್ರೆ ಈ ಕುರ್ಚೀಲಿ ಕೂರೋ ಹಾಗಿಲ್ಲ. ದೊಡ್ಡಮ್ಮ ಕೂರ್ಲಿ." ಸ್ವಲ್ಪ ತಡೆದು, "ಈ ನೀಲಿದು ಮುಗಿಯೋವರೆಗೂ ಇರಿ" ಅಂದ.

ಅವಳು ಎದ್ದು ಬೆರೆಸುವ ಮೇಜಿಗೆ ಹೋಗಿ ಹುಡುಗಿಯ ಪಕ್ಕ ನಿಂತಳು. ಅಕ್ಕ ತೋರಿಸಿದ ಶೀಶೆಗಳಿಂದ ಹುಡುಗಿ ಹನಿ ಹಾಕಿದಳು. ದೊಡ್ಡಮ್ಮ ಕುಡಿದು ಮುಖ ಸಿಂಡರಿಸಿದಳು.

"ಥೂ, ಸೋಪು ನೆಕ್ಕಿದ ಹಾಗಿದೆ ಕಣೇ."

"ಸೋಪು ಮೊದಲು ಬಂತಾ, ಕೊನೇಲಾ?"

"ಕೊನೇಲಿ."

"ಮೊದಲು?"

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಇನ್ನೊಂದು ಗುಟುಕು ಕುಡಿದಳು. ಅಕ್ಕ ಅವಳ ಮುಖವನ್ನೇ ನೋಡುತ್ತ ಕಾದಳು.