ನಡುಗೋಡೆಯ ಫಕೀರವ್ವ

ಫಕೀರವ್ವ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಮನೆಯವರನ್ನಲ್ಲ, ಗೋಡೆಯನ್ನು. ಹೊಸ್ತಿಲು ದಾಟಿದವಳೇ ಬೆರಳು ಮಡಚಿ ಗೋಡೆಗೆ ಟಕ್‌ಟಕ್ ಎಂದು ಬಡಿದು, ತಲೆ ವಾರೆ ಮಾಡಿ ಆಲಿಸಿ, "ಇಲ್ಲಿ ಪೊಳ್ಳು ಐತಿ ನೋಡ್ರಿ" ಎಂದೋ "ಗಟ್ಟಿ ಐತಿ, ಇರ್ಲಿ" ಎಂದೋ ತೀರ್ಪು ಕೊಟ್ಟ ಮೇಲೆಯೇ ಅವಳ ಕುಶಲಪ್ರಶ್ನೆ. ಮದುವೆಯ ಮನೆಯಲ್ಲೂ ಹೀಗೆಯೇ, ಸಾವಿನ ಮನೆಯಲ್ಲೂ ಹೀಗೆಯೇ. ಓಣಿಯ ಹಿರಿಯ ಲಕ್ಷ್ಮಣಪ್ಪ ತೀರಿಕೊಂಡ ದಿನ ಎಲ್ಲರಿಗಿಂತ ಹೆಚ್ಚು ಅತ್ತು ಗೋಡೆಗೊರಗಿದವಳು, ಬಿಕ್ಕುಗಳ ನಡುವೆಯೇ ಬೆರಳು ಬಡಿದು ನೋಡಿದಾಗ, ಪಕ್ಕದಲ್ಲಿ ಕುಳಿತ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ದುಃಖಕ್ಕಲ್ಲ.

ಅವಳ ಮೈಮೇಲೆ ಸೀರೆಯ ಹೊರಗೆ ಸದಾ ಒಂದು ನೀಲಿ ಕೋಟು. ಗುಡಗೇರಿ ಸ್ಟೇಷನ್ನಿನಲ್ಲಿ ಹಳಿ ಕಾಯುತ್ತಿದ್ದ ಅಪ್ಪನದು. ತೋಳು ಉದ್ದ, ಭುಜ ಅಗಲ, ಗುಂಡಿಗಳೆಲ್ಲ ಬೇರೆ ಬೇರೆ. ಬಲಗಿಸೆಯಲ್ಲಿ ಗಾರೆ ಬಳಿಯುವ ಕರಣಿ, ಎಡಗಿಸೆಯಲ್ಲಿ ಹೀರೆ, ಚವಳಿ, ಚೆಂಡುಹೂವು ಎಲ್ಲ ಬೆರೆತ ಬೀಜ. ಕೇಳಿದವರಿಗೆ ಮುಷ್ಟಿ ತುಂಬ ಕೊಡುತ್ತಾಳೆ. "ಯಾವ ಬೀಜರಿ ಇವು?" ಎಂದರೆ, "ಹುಟ್ಟಿದ ಮ್ಯಾಲ ಗೊತ್ತಾಕ್ಕೈತಿ, ಹಾಕ್ರಿ" ಎನ್ನುತ್ತಾಳೆ. ಹೀಗಾಗಿ ನಮ್ಮ ಯರಗುಪ್ಪಿಯ ಹಿತ್ತಲುಗಳಲ್ಲಿ ಹೀರೆಯ ಚಪ್ಪರದ ಬುಡಕ್ಕೆ ಚವಳಿ ಹುಟ್ಟುವುದೂ, ಕೊತ್ತಂಬರಿ ಮಡಿಯ ನಡುವೆ ಚೆಂಡುಹೂವು ತಲೆಯೆತ್ತುವುದೂ ಯಾರಿಗೂ ಸೋಜಿಗವಲ್ಲ.

ಎರೆಮಣ್ಣಿನ ಊರಲ್ಲಿ ಗೋಡೆಗಳಿಗೆ ನೆಮ್ಮದಿಯಿಲ್ಲ. ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಅದರ ಮೇಲೆ ನಿಂತ ಗೋಡೆ ವರ್ಷಕ್ಕೊಮ್ಮೆ ಎಲ್ಲಾದರೂ ಸೀಳುತ್ತದೆ. ಆಗ ಕರೆ ಹೋಗುವುದು ಫಕೀರವ್ವನಿಗೆ. ಕೆಮ್ಮಣ್ಣಿಗೆ ಹೊಟ್ಟು, ಸೆಗಣಿ ಸೇರಿಸಿ, ನೀರು ಬಿಟ್ಟು ಕೊಳೆಸಿ, ಕಾಲಿಂದ ತುಳಿದು ಹದ ಮಾಡಿದ ಮಣ್ಣನ್ನು ಅವಳು ಬಿರುಕಿಗೆ ಕೆಳಗಿನಿಂದ ಮೇಲಕ್ಕೆ ಮುದ್ದೆ ಮುದ್ದೆಯಾಗಿ ತುಂಬುತ್ತಾಳೆ. ಆರಪಾರ ಸೀಳಿದ್ದರೆ ಆಚೆ ಬದಿಗೆ ಒಬ್ಬರು ಹಲಗೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ತುಂಬಿದ್ದೆಲ್ಲ ಆ ಕಡೆ ಉದುರುತ್ತದೆ. ಕೆಲಸ ಮುಗಿದ ಮೇಲೆ ಅವಳದೊಂದು ಉಪದೇಶ: ಗೋಡೆಯ ಬುಡದಲ್ಲಿ ಗಿಡ ಹಚ್ಚಬೇಡಿ, ಹಚ್ಚಲೇಬೇಕೆಂದರೆ ಎರೆಮಣ್ಣು ತೆಗೆದು ಗರಸುಕಲ್ಲು ತುಂಬಿ, ನೀರು ನಿಲ್ಲದಂತೆ ಮಾಡಿ. ದುಡ್ಡು ಮುಟ್ಟುವವಳಲ್ಲ. ಚಹಾ ಕೊಟ್ಟರೆ ಕುಡಿಯುತ್ತಾಳೆ, ಇನ್ನೊಂದು ಕೊಟ್ಟರೆ ಅದನ್ನೂ ಕುಡಿಯುತ್ತಾಳೆ. ಒಂದು ಹೊತ್ತಿನ ಕೆಲಸವನ್ನು ಸಂಜೆಯವರೆಗೆ ಎಳೆಯುತ್ತಾಳೆ. ಮುದುಕಿಗೆ ಕೈ ಸಾಗುವುದಿಲ್ಲ ಎಂದು ಜನ ಅಂದುಕೊಂಡರು. ಸಾಗುತ್ತಿತ್ತು. ಮನುಷ್ಯರಿರುವ ಮನೆಯಿಂದ ಎದ್ದು ಹೋಗಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ, ಅಷ್ಟೇ.

ಇಂಥ ಫಕೀರವ್ವನ ಸ್ವಂತ ಮನೆಯ ಗೋಡೆಯೇ ಸೀಳಿ ನಿಂತಿತ್ತು. ದೀಪದ ಬುಡ ಕತ್ತಲೆ ಎಂದು ಊರು ನಕ್ಕಿತು. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಮಗಳಿಗೆ ಅಪ್ಪ ಮನೆಯ ಅರ್ಧ ಕೊಟ್ಟು ನಡುವೆ ಮಣ್ಣಿನ ಗೋಡೆ ಎಬ್ಬಿಸಿದ್ದ. ಆಚೆ ಅರ್ಧದಲ್ಲಿ ತಮ್ಮ ಬಸಣ್ಣ, ಅವನ ಹೆಂಡತಿ ಗಂಗಾ, ಅವರ ಒಬ್ಬಳೇ ಮಗಳು ಐಶ್ವರ್ಯ. ಆ ಕೂಸು ಬೆಳೆದದ್ದು ಹೆಚ್ಚಾಗಿ ಅತ್ತೆಯ ತೊಡೆಯ ಮೇಲೆಯೇ. ಹುಡುಗಿ ಎರಡೂ ಕಡೆಯಿಂದ ಹೂ ಹರಿದುಕೊಳ್ಳಲಿ ಎಂಬ ಆಸೆಗೆ ಫಕೀರವ್ವ ಹಿತ್ತಲಲ್ಲಿ, ನಡುಗೋಡೆಯ ತುದಿಗೇ, ಎರೆಯಲ್ಲೇ ಒಂದು ದುಂಡುಮಲ್ಲಿಗೆ ಹಚ್ಚಿದಳು. ಊರಿಗೆಲ್ಲ ಹೇಳಿದ ಮಾತನ್ನು ತಾನೇ ಮರೆತು ದಿನವೂ ಕೊಡ ನೀರು ಹೊಯ್ದಳು. ಮಲ್ಲಿಗೆ ಬಿರಿಯಿತು, ಗೋಡೆಯೂ ಬಿರಿಯಿತು.

"ಊರಿಗೆ ಉಪಕಾರಿ, ಮನಿಗೆ ಮಾರಿ ಆದಿಯಲ್ಲಬೇ" ಎಂದ ಬಸಣ್ಣ. ತಪ್ಪು ತನ್ನದೆಂದು ಅವಳ ಮನಸ್ಸಿಗೆ ಗೊತ್ತಿತ್ತು. ಆದರೆ ಬಾಯಿ, "ನಿಮ್ಮ ಬಚ್ಚಲ ನೀರಿಂದ ಆಗೇತಿ" ಎಂದಿತು. ಅಂದು ನಿಂತ ಮಾತು ಮತ್ತೆ ಶುರುವಾಗಲಿಲ್ಲ. ಹುಡುಗಿಯೂ ಈ ಕಡೆ ಬರುವುದನ್ನು ಬಿಟ್ಟಳು.

ಆ ಬಿರುಕನ್ನು ಅವಳು ಹಟಕ್ಕೆ ಹಾಗೇ ಬಿಟ್ಟಿದ್ದಾಳೆಂದು ಎಲ್ಲರೂ ತಿಳಿದರು. ಅವಳು ಮಲಗುವ ಹೊರಸು ಆ ಬಿರುಕಿನ ಪಕ್ಕಕ್ಕೇ ಇತ್ತೆಂಬುದನ್ನು ಯಾರೂ ಗಮನಿಸಲಿಲ್ಲ. ಬೆರಳು ತೂರುವಷ್ಟು ಆ ಸೀಳಿನಿಂದ ಕುಕ್ಕರಿನ ಸೀಟಿ ಬರುತ್ತಿತ್ತು, ಐಶ್ವರ್ಯ ಪಾಠ ಒಪ್ಪಿಸುವ ದನಿ ಬರುತ್ತಿತ್ತು. ಟೀವಿಯಿಲ್ಲದ ಫಕೀರವ್ವ ಸಂಜೆಯ ಧಾರಾವಾಹಿಯನ್ನು ಕಿವಿಯಲ್ಲೇ ನೋಡುತ್ತಿದ್ದಳು; ಗಂಗಾ ನಕ್ಕಾಗ ಏನೋ ತಮಾಷೆ ನಡೆದಿದೆ ಎಂದು ತಿಳಿದು ಈ ಕಡೆ ತಾನೂ ನಗುತ್ತಿದ್ದಳು. ಆ ಬಿರುಕು ಮುಚ್ಚಿದರೆ ಅವಳ ಮನೆಯಲ್ಲಿ ಮನುಷ್ಯರ ದನಿಯೇ ಇಲ್ಲದಾಗುತ್ತಿತ್ತು. ಎಷ್ಟು ಒಂಟಿಯಾಗಿದ್ದಳು ಪಾಪ, ನಮಗೆ ತಿಳಿದದ್ದು ಬಹಳ ತಡವಾಗಿ.

ಈ ಬೇಸಿಗೆಯಲ್ಲಿ ಐಶ್ವರ್ಯಳ ಮದುವೆ ಗೊತ್ತಾಯಿತು. ಬಸಣ್ಣ ಮನೆ ದುರಸ್ತಿಗೆ ಗೌಂಡಿ ಆಸೀಫನನ್ನು ಕರೆಸಿದ. ಆಸೀಫ್ ಗೋಡೆಯನ್ನು ನೋಡಿದವನೇ ಈ ಕಡೆಯ ಬಾಗಿಲಿಗೆ ಬಂದ.

"ಫಕೀರವ್ವಾರ, ಗೋಡಿ ಆ ಬಾಜು ವಾಲೇತ್ರಿ. ಒಂದ್ ದೊಡ್ಡ ಮಳಿ ಆತಂದ್ರ ಬೀಳ್ತೈತಿ. ಮಲ್ಲಿಗಿ ಕಿತ್ತು ಗರಸು ಹಾಕ್ಬೇಕು, ಸೀಳು ತುಂಬ್ಬೇಕ್ರಿ."

ಅವಳು ಗೋಡೆ ಬಡಿಯಲಿಲ್ಲ. ಆ ಸದ್ದು ಅವಳಿಗೆ ಗೊತ್ತಿತ್ತು.

"ಬೀಳೂದು ಎಲ್ಲಿಗೋ?"

"ಹುಡುಗಿ ಮಲಗೂ ಜಾಗಾಕ್ರಿ."

ಫಕೀರವ್ವ ಹಿತ್ತಲಿಗೆ ಹೋಗಿ ಮಲ್ಲಿಗೆಯನ್ನು ನೋಡಿ ಬಂದಳು. ಆಮೇಲೆ, "ತುಂಬೂಣು. ಆದರ ಈ ಗೋಡಿ ನಾನಽ ತುಂಬ್ತೀನಿ. ಆ ಕಡೆ ಹಲಗಿ ಹಿಡಿಯಾಕ ಬಸ್ಯಾನ್ನ ನಿಂದರಸು. ಬ್ಯಾರೆ ಯಾರೂ ಬ್ಯಾಡ" ಎಂದಳು.

ಮಲ್ಲಿಗೆಯನ್ನು ಅವಳೇ ಅಗೆದು ತೆಗೆದು ಹಳೆಯ ಬಣ್ಣದ ಡಬ್ಬಿಯಲ್ಲಿ ನೆಟ್ಟಳು. ಬಿಸಿಲಿಗೆ ಅದು ಬದುಕುವುದಿಲ್ಲವೆಂದು ತಿಳಿದೂ ನೆಟ್ಟಳು. ಕುಣಿಗೆ ಗರಸು ಬಿತ್ತು. ಮಣ್ಣು ಹದಕ್ಕೆ ಬಂದ ದಿನ ಕೋಟಿನ ತೋಳು ಮಡಚಿ ಬಿರುಕಿನ ಬುಡದಲ್ಲಿ ಕುಳಿತಳು.

"ಹಿಡದೀಯೇನೋ?"

"ಹಿಡದೀನಿ."

"ಗಟ್ಟಿ ಒತ್ತು."

"ಒತ್ತೀನಲ್ಲಬೇ."

ಬಿರುಕಿನ ಸೊಂಟದವರೆಗೆ ಇಷ್ಟೇ ಮಾತು. ಆಮೇಲೆ ಅವಳು ಕೇಳಿದಳು: "ಬಿಪಿ ಗುಳಿಗಿ ತಗೊಂಡಿಯೇನು ಮುಂಜಾನೆ?"

ಆಚೆ ಹಲಗೆ ಅಲುಗಿತು. "ನಿನಗ್ಯಾರು ಹೇಳಿದ್ರು?"

"ಗೋಡಿ."

ಬಸಣ್ಣ ಹಲಗೆಯನ್ನು ಮತ್ತೆ ಒತ್ತಿದ. "ತಗೊಂಡೀನಿ. ನೀ ಉಂಡಿಯೇನು?"

"ಉಂಡೀನಿ" ಎಂದಳು, ಉಂಡಿರಲಿಲ್ಲ. ಅವನು ಹುಡುಗಿಯ ಗಂಡನ ಮನೆಯ ಸುದ್ದಿ ಹೇಳಿದ, ಇವಳು ಹೂಂಗುಟ್ಟಿದಳು. ಮಣ್ಣು ಏರಿದಂತೆ ತಮ್ಮನ ದನಿ ಸಣ್ಣದಾಗುತ್ತ ಬಂತು. ಜೀವಮಾನದಲ್ಲಿ ಮೊದಲ ಬಾರಿಗೆ ಕೆಲಸವನ್ನು ಎಳೆಯಲು ಮಣ್ಣು ಬಿಡಲಿಲ್ಲ. ಅಷ್ಟುದ್ದದ ಸೀಳು, ಸುಡುವ ಬೇಸಿಗೆ; ಹದ ಆರುವುದರೊಳಗೆ ತುಂಬಲೇಬೇಕು. ತಲೆಯ ಎತ್ತರಕ್ಕೆ ಬಂದಾಗ ಉಳಿದದ್ದು ಒಂದು ಹಿಡಿಯಷ್ಟು ತೂತು. ಆಗ ಬಸಣ್ಣ "ಅಕ್ಕಾ..." ಎಂದು ಏನೋ ಶುರು ಮಾಡಿದ. ಕಿವಿ ನಿಮಿರಿತು, ಆದರೆ ಕೈ ನಿಲ್ಲಲಿಲ್ಲ. ಎಷ್ಟೋ ಮನೆಗಳಲ್ಲಿ ಮಾಡಿದ ರೂಢಿಗೆ ಅದು ಕೊನೆಯ ಮುದ್ದೆ ಒತ್ತಿ, ಕರಣಿಯಿಂದ ಸವರಿಯೂ ಬಿಟ್ಟಿತ್ತು.

"ಏನಂದ್ಯೋ?" ಎಂದು ಕೂಗಿದಳು. ತನ್ನ ದನಿಯೇ ಅವಳ ಕೋಣೆಯಲ್ಲಿ ತಿರುಗಿತು. ಎದ್ದು ಹೋಗಿ ಕೇಳಬಹುದಿತ್ತು, ಬಾಗಿಲು ದೂರವಿರಲಿಲ್ಲ. ಅವನು ಬಂದು ಹೇಳಲಿ ಎಂದು ಇವಳು ಕಾದಳು. ಅವಳು ಬಂದು ಕೇಳಲಿ ಎಂದು ಅವನೂ ಕಾದಿರಬೇಕು.

ಮದುವೆಗೆ ಊರೆಲ್ಲ ಹೋಯಿತು, ಅವಳೂ ಹೋದಳು. ಹೊಸ್ತಿಲು ದಾಟಿದವಳೇ ರೂಢಿಯಂತೆ ನಡುಗೋಡೆಯನ್ನು ತಮ್ಮನ ಬದಿಯಿಂದ ಬಡಿದಳು.

"ಗಟ್ಟಿ ಐತಿ" ಎಂದಳು.

"ಹೌದು, ಗಟ್ಟಿ ಐತಿ" ಎಂದ ಬಸಣ್ಣ. ಬೀಗರು ಬಂದರು, ಅವನು ಆ ಕಡೆ ಹೋದ.

ಊರಿಗೊಬ್ಬರು ಇಂಥವರಿರುತ್ತಾರೆ. ಅವರ ಕೈಗುಣದಿಂದ ನಮ್ಮ ಮನೆಗಳು ನಿಂತಿರುತ್ತವೆ, ಅವರು ಕೊಟ್ಟ ಬೀಜದಿಂದ ನಮ್ಮ ಹಿತ್ತಲು ಹಸಿರಾಗಿರುತ್ತದೆ. ಮಳೆ ಹೊಡೆಯುವಾಗ ನಾವು ಗೋಡೆಯನ್ನು ನಂಬಿ ನಿಶ್ಚಿಂತೆಯಿಂದ ಮಲಗುತ್ತೇವೆ. ಅದನ್ನು ಗಟ್ಟಿ ಮಾಡಿದವರು ಅದರ ಆಚೆ ಬದಿಯಲ್ಲೇ ಉಳಿದುಹೋದರಲ್ಲ ಎಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ.